ವಾದ್ಯವಿಲ್ಲದೆ ಗಣಪತಿ ಬಿಟ್ಟರೆ ದೋಷವೇ?

ಪ್ರಶ್ನೆ: ನಾವು ಮೂಡಲಪಾಳ್ಯದವರು. ನಮ್ಮ ಬೀದಿಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಗಣಪತಿ ಕೂರಿಸುತ್ತಾ ಬಂದಿದ್ದೇವೆ. ಚೌತಿಯ ದಿನ ಕೂರಿಸಿ ಮೂರನೇ ದಿನ ಸಂಜೆ ತಮಟೆ, ಮೈಕು, ಕುಣಿತದೊಂದಿಗೆ ಬಿಡುವುದು ರೂಢಿ. ಈ ಸಲ ಮೂರನೇ ದಿನ ಬೆಳಿಗ್ಗೆ, ಪೆಂಡಾಲಿನ ಎದುರು ಮನೆಯ ಯಜಮಾನರು ತೀರಿಕೊಂಡರು. ಮಗಳು ಹೊರದೇಶದಿಂದ ಬರಬೇಕಿದ್ದರಿಂದ ದೇಹವನ್ನು ಮರುದಿನದವರೆಗೆ ಮನೆ ಮುಂದೆಯೇ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ತಮಟೆಯವರಿಗೆ ಮುಂಗಡ ಕೊಟ್ಟಾಗಿದೆ, ನಿಲ್ಲಿಸಬಾರದು ಎಂದು ಕೆಲವು ಹುಡುಗರು ಹಟ ಹಿಡಿದರು. ಕೊನೆಗೆ ಮೈಕು ಆರಿಸಿ, ಭಟ್ಟರಿಂದ ಪೂಜೆ ಮುಗಿಸಿ, ತಮಟೆಯೂ ಇಲ್ಲ ಜೈಕಾರವೂ ಇಲ್ಲದೆ ಗಾಡಿಯಲ್ಲಿ ತೆಗೆದುಕೊಂಡು ಹೋಗಿ ಬಿಟ್ಟು ಬಂದೆವು. ಈಗ ‘ವಾದ್ಯವಿಲ್ಲದೆ ಕಳಿಸಿದ್ದು ಅಪಚಾರ, ಬೀದಿಗೆ ಒಳ್ಳೇದಲ್ಲ’ ಎಂದು ಮಾತಾಡುತ್ತಿದ್ದಾರೆ. ಆ ಮಾತು ಎದುರು ಮನೆಯ ತಾಯಿಯ ಕಿವಿಗೂ ಬಿದ್ದು, ‘ನಮ್ಮಿಂದ ನಿಮ್ಮ ಹಬ್ಬ ಕೆಟ್ಟಿತಲ್ಲಮ್ಮ’ ಎಂದು ಅತ್ತರು. ನಿಜವಾಗಿ ದೋಷ ಉಂಟೇ? ಪರಿಹಾರವೇನು? ಇನ್ನೊಂದು ಸಣ್ಣ ಪ್ರಶ್ನೆ: ಮನೆಯಲ್ಲಿ ಮೊಬೈಲಿನಲ್ಲಿ ಮಂತ್ರ ಹಾಕಿಕೊಂಡು ಮಂಗಳಾರತಿ ಮಾಡಬಹುದೇ?
— ಓದುಗರೊಬ್ಬರು (ಹೆಸರು ಬೇಡವೆಂದಿದ್ದಾರೆ)

ಉತ್ತರ: ತಾಯಿ, ದೋಷವಿಲ್ಲ. ಪರಿಹಾರವೂ ಬೇಕಿಲ್ಲ. ಇದನ್ನು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಉತ್ತರ ಉದ್ದವಾಗುತ್ತದೆ, ಅಷ್ಟು ಹೊತ್ತು ನೀವು ಗಾಬರಿಯಲ್ಲಿ ಓದಬಾರದು.

ನಿಮ್ಮ ಬೀದಿಯವರು ಎರಡು ಬೇರೆ ಬೇರೆ ಕೆಲಸಗಳನ್ನು ಒಂದೇ ಅಂದುಕೊಂಡಿದ್ದಾರೆ. ಒಂದು ಉದ್ವಾಸನೆ, ಇನ್ನೊಂದು ಮೆರವಣಿಗೆ. ಮಣ್ಣಿನ ಮೂರ್ತಿಗೆ ಚೌತಿಯ ದಿನ ಪ್ರಾಣಪ್ರತಿಷ್ಠೆ ಮಾಡಿ ದೇವರನ್ನು ಕರೆದಿರುತ್ತೇವೆ. ಕಳಿಸಿಕೊಡುವ ದಿನ ಪುನಃಪೂಜೆ ಮಾಡಿ, ನೈವೇದ್ಯ ಮಂಗಳಾರತಿ ಆದ ಮೇಲೆ, ‘ಹೋಗಿ ಮತ್ತೆ ಬಾ’ ಎಂಬ ಅರ್ಥದ ಮಂತ್ರ ಹೇಳಿ ಅಕ್ಷತೆ ಹಾಕಿ ಮೂರ್ತಿಯನ್ನು ಕೂತ ಜಾಗದಿಂದ ಸ್ವಲ್ಪ ಉತ್ತರಕ್ಕೆ ಕದಲಿಸುತ್ತೇವೆ. ನೋಡಿ, ಅಲ್ಲಿಗೆ ವಿಸರ್ಜನೆಯ ಮಂತ್ರಭಾಗ ಮುಗಿಯಿತು. ಅದು ನಡೆಯುವುದು ಪೆಂಡಾಲಿನ ಒಳಗೇ. ಆಮೇಲೆ ನೀರಿಗೆ ಒಯ್ಯುವುದು, ಒಯ್ಯುವಾಗ ಕುಣಿಯುವುದು, ಪಟಾಕಿ, ಬಣ್ಣ, ಇವೆಲ್ಲ ಉತ್ಸವ. ಉತ್ಸವ ಚೆಂದವೇ, ಬೇಡ ಅನ್ನುವುದಿಲ್ಲ. ಆದರೆ ಅದು ಇಲ್ಲದಿದ್ದರೆ ಪೂಜೆ ಅಪೂರ್ಣ ಅನ್ನುವಂತಿಲ್ಲ. ನಿಮ್ಮ ಭಟ್ಟರು ಪೂಜೆ ಮುಗಿಸಿದ್ದಾರೆ ಎಂದು ನೀವೇ ಬರೆದಿದ್ದೀರಿ. ಆಯಿತಲ್ಲ.

‘ಗೀತ, ವಾದ್ಯ ಕೂಡ ಉಪಚಾರವೇ ಅಲ್ಲವೇ’ ಎಂದು ಯಾರಾದರೂ ತಿಳಿದವರು ಕೇಳಬಹುದು. ಹೌದು. ಛತ್ರ, ಚಾಮರ, ನೃತ್ಯ, ಗೀತ, ವಾದ್ಯ ಎಂದು ರಾಜೋಪಚಾರಗಳ ಪಟ್ಟಿಯೇ ಇದೆ. ನೀವು ಮನೆಯಲ್ಲಿ ವರಮಹಾಲಕ್ಷ್ಮಿ ಪೂಜೆ ಮಾಡುವಾಗ ಛತ್ರ ಹಿಡಿಯುತ್ತೀರಾ? ಆನೆ ಕುದುರೆ ತರುತ್ತೀರಾ? ಇಲ್ಲ. ಪುರೋಹಿತರು ಆ ಹೆಸರುಗಳನ್ನು ಹೇಳಿ ‘ಅಕ್ಷತೆ ಹಾಕಿ’ ಅಂತಾರೆ, ನೀವು ಹಾಕ್ತೀರಿ. ಒದಗದ ಉಪಚಾರಕ್ಕೆ ಅಕ್ಷತೆ ಎಂಬ ಅನುಕೂಲವನ್ನು ಹಿರಿಯರು ಮಾಡಿಟ್ಟದ್ದು ಇಂಥ ಸಂದರ್ಭಕ್ಕೇ. ವಾದ್ಯದ ವಿಷಯದಲ್ಲಂತೂ, ಎಲ್ಲ ವಾದ್ಯಗಳೂ ಘಂಟೆಯಲ್ಲೇ ಅಡಗಿವೆ, ಬೇರೆ ವಾದ್ಯ ಇಲ್ಲದಿದ್ದರೆ ಘಂಟೆ ಒಂದೇ ಸಾಕು ಎನ್ನುವ ಮಾತು ಪೂಜಾಪದ್ಧತಿಗಳಲ್ಲಿ ಬರುತ್ತದೆ. ಇನ್ನು ಪೂಜೆಯ ಕೊನೆಗೆ ಕ್ಷಮೆ ಕೇಳುತ್ತೇವಲ್ಲ, ಮಂತ್ರದಲ್ಲಿ ಕೊರತೆಯಾಗಿದ್ದರೆ, ಕ್ರಿಯೆಯಲ್ಲಿ ಆಗಿದ್ದರೆ, ಭಕ್ತಿಯಲ್ಲಿ ಆಗಿದ್ದರೆ ಪೂರ್ಣ ಮಾಡಿಕೋ ಅಂತ. ತಮಟೆ ಕಡಿಮೆಯಾಗಿದ್ದರೆ ಕ್ಷಮಿಸು ಅಂತ ಅದರಲ್ಲಿ ಇಲ್ಲ!

ಈಗ ಸಾವಿನ ಕಡೆಗೆ ಬರೋಣ. ಎದುರು ಮನೆಯವರು ನಿಮಗೆ ದಾಯಾದಿಗಳಲ್ಲ, ಹಾಗಾಗಿ ನಿಮಗೆ ಆಶೌಚವಿಲ್ಲ. ಆದರೆ ಆಶೌಚ ಬೇರೆ, ಬೀದಿಯ ಕಟ್ಟಳೆ ಬೇರೆ. ಹಳೇ ಮೈಸೂರು ಕಡೆಯ ಹಳ್ಳಿಗಳಲ್ಲಿ ಬೆಳೆದವರಿಗೆ ಗೊತ್ತಿರುತ್ತದೆ: ಬೀದಿಯಲ್ಲಿ ಹೆಣವಿದ್ದರೆ ಎತ್ತುವ ತನಕ ಅಕ್ಕಪಕ್ಕದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಸಮೀಪದ ಗುಡಿಯ ಬಾಗಿಲು ತೆರೆಯುವುದಿಲ್ಲ. ದೇವರೇ ಕಾಯುತ್ತಾನೆ. ನಗರದಲ್ಲೂ ಎಷ್ಟೋ ದೇವಸ್ಥಾನಗಳ ಅರ್ಚಕರು ಇದನ್ನು ಇವತ್ತಿಗೂ ಪಾಲಿಸುತ್ತಾರೆ.

ಶಾಸ್ತ್ರಗ್ರಂಥಗಳಲ್ಲಿ ಇದಕ್ಕೆ ಹತ್ತಿರವಾದ ಒಂದು ವಿಷಯವಿದೆ, ಅನಧ್ಯಾಯ. ಅಂದರೆ ವೇದಪಾಠ ನಿಲ್ಲಿಸಬೇಕಾದ ಸಂದರ್ಭಗಳು. ಅಮಾವಾಸ್ಯೆ, ಹುಣ್ಣಿಮೆ, ಗುಡುಗು ಮಿಂಚು ಇವನ್ನು ಎಲ್ಲರೂ ಕೇಳಿರುತ್ತೀರಿ. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದ ಪಟ್ಟಿಯಲ್ಲಿ ಇನ್ನೂ ಸೂಕ್ಷ್ಮವಾದ ಸಂಗತಿಗಳಿವೆ. ಊರೊಳಗೆ ಶವವಿದ್ದಾಗ ಪಾಠ ಬೇಡ. ಅಳುವ ದನಿ ಕೇಳುತ್ತಿರುವಾಗ ಬೇಡ. ಸಾಮಗಾನ ಕೇಳಿಸುತ್ತಿದ್ದರೆ ಋಗ್ವೇದ, ಯಜುರ್ವೇದ ಹೇಳಬಾರದು. ಇದು ವೇದಪಾಠಕ್ಕೆ ಹೇಳಿದ ನಿಯಮ, ಗಣಪತಿ ಮೆರವಣಿಗೆಗೆ ಹೇಳಿದ್ದಲ್ಲ ಎಂಬುದು ನಿಜ, ನಾನು ಎಳೆದು ತಂದು ಅಂಟಿಸುವುದಿಲ್ಲ. ಆದರೆ ಅದರ ಹಿಂದಿನ ಕಿವಿಯನ್ನು ಗಮನಿಸಿ. ವೇದಕ್ಕಿಂತ ದೊಡ್ಡ ಶಬ್ದ ನಮ್ಮಲ್ಲಿ ಇಲ್ಲ. ಅಂಥದ್ದನ್ನೇ, ಪಕ್ಕದಲ್ಲಿ ಒಬ್ಬರು ಅಳುತ್ತಿದ್ದರೆ ನಿಲ್ಲಿಸು ಅಂದಿದ್ದಾರೆ. ನಮ್ಮ ಸಿನಿಮಾ ಹಾಡಿನ ರೀಮಿಕ್ಸ್ ಅದಕ್ಕಿಂತ ದೊಡ್ಡದೇ?

ಹಾಗಾದರೆ ದೇಹ ಇನ್ನೂ ಬೀದಿಯಲ್ಲಿದ್ದಾಗಲೇ ವಿಸರ್ಜನೆ ಮಾಡಿದ್ದು ಸರಿಯೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಂದೇ ನನಗೆ ಫೋನು ಮಾಡಿದ್ದರೆ, ಪರದೆ ಎಳೆದು, ದೀಪ ಆರದಂತೆ ನೋಡಿಕೊಂಡು, ಮರುದಿನ ಶವ ಎತ್ತಿದ ಮೇಲೆ ಬೀದಿಗೆ ನೀರು ಹಾಕಿ, ಸ್ನಾನ ಮಾಡಿ ಬಿಡಿ ಅನ್ನುತ್ತಿದ್ದೆ. ಮೂರು ದಿನ ನಾಲ್ಕಾದರೆ ಗಣಪತಿ ಕೋಪಿಸಿಕೊಳ್ಳುವುದಿಲ್ಲ. ಆದರೆ ನೀವು ಮೂರು ದಿನವೆಂದು ಸಂಕಲ್ಪ ಮಾಡಿದ್ದಿರಿ, ಅದರಂತೆ ಸದ್ದಿಲ್ಲದೆ ಮುಗಿಸಿದಿರಿ. ಇದೂ ಸರಿಯೇ. ಎರಡರಲ್ಲಿ ಒಂದನ್ನು ಮಾಡಿದವರಿಗೆ ಇನ್ನೊಂದನ್ನು ಮಾಡದ ದೋಷ ತಟ್ಟುವುದಿಲ್ಲ.

ಮೌನವಾಗಿ ಮಾಡುವುದು ನಮ್ಮ ಕರ್ಮಗಳಲ್ಲಿ ಹೊಸದೇನೂ ಅಲ್ಲ. ಶತಪಥ ಬ್ರಾಹ್ಮಣದಲ್ಲಿ ಒಂದು ಕಥೆ ಬರುತ್ತದೆ. ಮನಸ್ಸಿಗೂ ಮಾತಿಗೂ ನಾನು ಹೆಚ್ಚು ನೀನು ಹೆಚ್ಚು ಎಂದು ಜಗಳವಾಯಿತಂತೆ. ನ್ಯಾಯ ಕೇಳಲು ಪ್ರಜಾಪತಿಯ ಬಳಿ ಹೋದರು. ಮನಸ್ಸು ಮಾಡಿದ್ದನ್ನೇ ಮಾತು ಹಿಂಬಾಲಿಸುತ್ತದೆ, ಆದ್ದರಿಂದ ಮನಸ್ಸೇ ದೊಡ್ಡದು ಎಂದು ಪ್ರಜಾಪತಿ ತೀರ್ಪು ಕೊಟ್ಟ. ಮಾತಿಗೆ ಸಿಟ್ಟು ಬಂತು, ನಿನಗೆ ನಾನು ಹವಿಸ್ಸು ಒಯ್ಯುವುದಿಲ್ಲ ಅಂದುಬಿಟ್ಟಿತು. ಅದಕ್ಕೇ ಯಜ್ಞದಲ್ಲಿ ಪ್ರಜಾಪತಿಗೆ ಕೊಡುವ ಆಹುತಿಯನ್ನು ಮೆಲುದನಿಯಲ್ಲಿ, ಬಾಯಿ ಬಿಡದೆ ಕೊಡುವುದು. ಜಪದಲ್ಲೂ ಹಾಗೇ: ಗಟ್ಟಿಯಾಗಿ ಹೇಳುವುದಕ್ಕಿಂತ ತುಟಿ ಮಾತ್ರ ಅಲುಗುವುದು ಮೇಲು, ಅದಕ್ಕಿಂತ ಮನಸ್ಸಿನಲ್ಲೇ ಮಾಡುವುದು ಮೇಲು ಎನ್ನುತ್ತಾರೆ.

ಆದರೂ ನಿಮ್ಮ ಬೀದಿಯ ಹುಡುಗರಿಗೆ ಏನೋ ಕಳೆದುಹೋದಂತೆ ಅನ್ನಿಸಿತಲ್ಲ, ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಅವರು ತಪ್ಪು ಕಾರಣ ಕೊಡುತ್ತಿದ್ದಾರೆ, ಅಷ್ಟೆ. ಶಬ್ದಕ್ಕೆ ಪೂಜೆಯಲ್ಲಿ ದೊಡ್ಡ ಕೆಲಸವಿದೆ. ಘಂಟೆ ಬಾರಿಸುವಾಗ ಹೇಳುವ ಶ್ಲೋಕದ ಅರ್ಥ, ದೇವತೆಗಳು ಬರಲಿ, ದುಷ್ಟಶಕ್ತಿಗಳು ಹೊರಡಲಿ ಎಂದು. ಅದು ಮೇಲಿನವರಿಗೆ ಕೊಡುವ ಕರೆ. ಕೆಳಗೆ ಅದು ನಮಗೂ ಕರೆಯೇ. ಅಡುಗೆಮನೆಯಲ್ಲಿ ಕುಕ್ಕರ್ ನೋಡುತ್ತಿದ್ದವರು, ಟಿ.ವಿ. ಮುಂದೆ ಕೂತವರು, ಎಲ್ಲರೂ ಒಂದು ಕ್ಷಣ ಒಂದೇ ಕಡೆ ತಿರುಗುತ್ತಾರೆ. ಮದುವೆಯಲ್ಲಿ ಮಾಂಗಲ್ಯಧಾರಣೆಯ ಹೊತ್ತಿಗೆ ‘ಗಟ್ಟಿಮೇಳ, ಗಟ್ಟಿಮೇಳ’ ಎಂದು ಕೂಗುತ್ತಾರಲ್ಲ, ಯಾರೋ ಸೀನಿದ್ದು, ಯಾರೋ ಅಪಶಕುನದ ಮಾತಾಡಿದ್ದು ಆ ಗಳಿಗೆಯಲ್ಲಿ ಕಿವಿಗೆ ಬೀಳದಿರಲಿ ಎಂದು ಅದರ ಕಾರಣ ಹೇಳುತ್ತಾರೆ. ಅಲ್ಲಿ ನಾಗಸ್ವರ, ಡೋಲು ಒಂದು ಗೋಡೆಯ ಹಾಗೆ ಕೆಲಸ ಮಾಡುತ್ತವೆ. ಇತ್ತೀಚೆಗೆ ಒಂದು ಛತ್ರದಲ್ಲಿ ಮುಹೂರ್ತಕ್ಕೆ ಧ್ವನಿಮುದ್ರಿತ ಗಟ್ಟಿಮೇಳ ಹಾಕಿದ್ದರು. ಗುಂಡಿ ಒತ್ತುವ ಹುಡುಗ ಊಟಕ್ಕೆ ಹೋಗಿದ್ದ. ತಾಳಿ ಕಟ್ಟುವಾಗ ಇಡೀ ಛತ್ರ ಮೌನ, ಎರಡು ನಿಮಿಷದ ನಂತರ ಡೋಲು! ಜನ ನಕ್ಕರು, ಹುಡುಗಿಯ ತಾಯಿ ಮಾತ್ರ ನಗಲಿಲ್ಲ.

ಒಟ್ಟಿಗೆ ಹಾಡುವುದರ ಬಗ್ಗೆ ಈಗಿನ ವಿಜ್ಞಾನಿಗಳೂ ನೋಡಿದ್ದಾರೆ. 2001ರಲ್ಲಿ ಇಟಲಿಯ ವೈದ್ಯರ ತಂಡವೊಂದು ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನೂ ಬೌದ್ಧರ ಓಂ ಮಣಿ ಪದ್ಮೇ ಹುಂ ಮಂತ್ರವನ್ನೂ ಹೇಳಿಸಿ ಅಳೆದಾಗ, ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿದಿತ್ತು. 2013ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದವರು ಕೂಡಿ ಹಾಡುವವರ ಎದೆಬಡಿತ ಒಟ್ಟಿಗೆ ಏರಿಳಿಯುವುದನ್ನು ಕಂಡರು. ಕಾರಣ ಸರಳ. ಹಾಡಿನ ಸಾಲು ಎಲ್ಲಿ ಮುಗಿಯುತ್ತದೋ ಅಲ್ಲಿ ಎಲ್ಲರೂ ಉಸಿರು ತೆಗೆದುಕೊಳ್ಳಬೇಕು. ಉಸಿರು ಒಂದಾದರೆ ಎದೆಬಡಿತವೂ ಅದರ ಹಿಂದೆ ಬರುತ್ತದೆ. ಏಕಾದಶಿ ಭಜನೆಗೆ ಕೂತವರಿಗೆ ಇದನ್ನು ಯಂತ್ರ ಇಟ್ಟು ತೋರಿಸಬೇಕಿಲ್ಲ ಬಿಡಿ. ಚೈತ್ರ ಪೂರ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಬೆಂಗಳೂರು ಕರಗ ಹೊರಬರುವಾಗ ‘ಗೋವಿಂದಾ’ ಎಂಬ ಕೂಗು ತಿಗಳರಪೇಟೆಯ ಗಲ್ಲಿಯಲ್ಲಿ ಏಳುತ್ತದಲ್ಲ, ಅದನ್ನು ಒಮ್ಮೆ ಅಲ್ಲಿ ನಿಂತು ಕೇಳಿ. ಪಕ್ಕದಲ್ಲಿ ನಿಂತವರು ಯಾರು, ಏನು ಎಂದು ಯಾರೂ ಕೇಳುವುದಿಲ್ಲ. ಇನ್ನೊಂದು ತೆರನಾದ ಸೇರುವಿಕೆ ರಾಮನವಮಿಯದು. ಶ್ರೀ ರಾಮಸೇವಾ ಮಂಡಳಿಯವರು 1939ರಿಂದ ನಡೆಸಿಕೊಂಡು ಬಂದಿರುವ ಚಾಮರಾಜಪೇಟೆಯ ಸಂಗೀತೋತ್ಸವದಲ್ಲಿ, ಫೋರ್ಟ್ ಹೈಸ್ಕೂಲ್ ಮೈದಾನದ ಪೆಂಡಾಲಿನೊಳಗೆ ಅಷ್ಟು ಜನ ಸದ್ದಿಲ್ಲದೆ ಕೂರುವುದೇ ಒಂದು ಸೇವೆ. ಒಂದು ಕಡೆ ಕೂಗಿ ಒಂದಾಗುತ್ತಾರೆ, ಇನ್ನೊಂದು ಕಡೆ ಸುಮ್ಮನಿದ್ದು ಒಂದಾಗುತ್ತಾರೆ.

ತಮಟೆಯ ಮಾತೂ ಹೇಳಬೇಕು. ಬೆಂಕಿಗೆ ಹಿಡಿದು ಚರ್ಮ ಬಿಗಿ ಮಾಡಿಕೊಂಡು ಬಾರಿಸುವ ಆ ಒಂದೇ ವಾದ್ಯ ಗಣಪತಿಯ ಮುಂದೆಯೂ ಹೋಗುತ್ತದೆ, ಊರಮ್ಮನ ಜಾತ್ರೆಯಲ್ಲೂ ಇರುತ್ತದೆ, ಶವಯಾತ್ರೆಯ ಮುಂದೆಯೂ ಇರುತ್ತದೆ. ಪೆಟ್ಟು ಬೇರೆ. ಬಾರಿಸುವವರಿಗೆ ಅದು ಗೊತ್ತು, ಕೇಳುವ ಊರಿಗೂ ಗೊತ್ತಿತ್ತು. ಮನೆಯೊಳಗೆ ಕೂತೇ ‘ಯಾರೋ ಹೋದರು ಅಂತ ಕಾಣತ್ತೆ’ ಅನ್ನುತ್ತಿದ್ದರು. ತಮಟೆಗಾಗಿ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಆ ಕಲೆಗೆ ಸಿಗಬೇಕಾದ ಮರ್ಯಾದೆ ಬಹಳ ತಡವಾಗಿ ಸಿಕ್ಕಿತು ಎಂದೇ ನನ್ನ ಅಭಿಪ್ರಾಯ. ಅಂದ ಹಾಗೆ, ನಿಮ್ಮ ಬೀದಿಯವರು ಆ ದಿನ ತಮಟೆಯವರಿಗೆ ಪೂರ್ತಿ ಹಣ ಕೊಟ್ಟರೇ? ಪತ್ರದಲ್ಲಿ ಬರೆದಿಲ್ಲ. ಕೊಡದಿದ್ದರೆ ಈಗಲಾದರೂ ಕೊಟ್ಟುಬಿಡಿ. ಗಣಪತಿ ಹಬ್ಬ ಅವರಿಗೆ ದುಡಿಮೆಯ ಕಾಲ, ನಿಮಗೋಸ್ಕರ ಬೇರೆ ಕಡೆ ಬಿಟ್ಟು ಬಂದಿರುತ್ತಾರೆ. ಬಾಕಿ ಉಳಿದಿದ್ದರೆ ಅದೊಂದೇ ಆ ದಿನದ ದೋಷ.

ಮೂಡಲ ಎಂದರೆ ಪೂರ್ವ, ಆದರೆ ಮೂಡಲಪಾಳ್ಯ ಇರುವುದು ಬೆಂಗಳೂರಿನ ಪಶ್ಚಿಮಕ್ಕೆ! ಯಾವ ಊರಿಗೆ ಮೂಡಲೋ ಆ ಊರು ಈಗ ನಗರದೊಳಗೆ ಕರಗಿಹೋಗಿರಬೇಕು. ಪಾಳ್ಯದ ಹಳೇ ಬೀದಿಗಳಲ್ಲಿ, ಇಪ್ಪತ್ತು ಮೂವತ್ತರ ನಿವೇಶನಗಳಲ್ಲಿ, ಮನೆಗೂ ಮನೆಗೂ ನಡುವೆ ಕೈ ತೂರುವಷ್ಟು ಜಾಗವೂ ಇರುವುದಿಲ್ಲ. ಇಂಥ ಕಡೆ ಶಬ್ದದ ಇನ್ನೊಂದು ಗುಣವನ್ನು ತಿಳಿದಿರಬೇಕು. ಘಂಟೆ, ತಾಳ, ಹಾಡುವವರ ಕಂಠ, ಇವುಗಳ ಎತ್ತರದ ಸ್ವರವನ್ನು ಗೋಡೆ, ಮುಚ್ಚಿದ ಕಿಟಕಿ ಬಹುಮಟ್ಟಿಗೆ ತಡೆಯುತ್ತವೆ. ದೊಡ್ಡ ಸ್ಪೀಕರಿನ ತಳಮಟ್ಟದ ಗುದ್ದನ್ನು ತಡೆಯಲಾರವು. ಹಾಗಾಗಿ ಪೆಂಡಾಲಿನ ಮುಂದೆ ಇರುವವರಿಗೆ ಗಣೇಶನ ಹಾಡು ಕೇಳಿಸುತ್ತದೆ. ಬಾಗಿಲು ಹಾಕಿಕೊಂಡು ಮಲಗಿರುವ ರೋಗಿಗೆ ಹಾಡಿಲ್ಲ, ದೇವರ ಹೆಸರೂ ಇಲ್ಲ, ಎದೆಗೆ ಬೀಳುವ ದಬ್ ದಬ್ ಮಾತ್ರ. ನಾವು ಹಂಚುತ್ತಿದ್ದೇವೆ ಅಂದುಕೊಂಡ ಭಕ್ತಿ ಅವರ ಮನೆ ತಲುಪುವುದೇ ಇಲ್ಲ. ಕಾನೂನು ಕೂಡ ಇದೆ: 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಕೂಡದು. ಹಬ್ಬಹರಿದಿನಕ್ಕೆಂದು ಸರ್ಕಾರ ವರ್ಷದಲ್ಲಿ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು, ಅಷ್ಟೆ.

ಈಗ ನೀವು ಗಮನಿಸದೇ ಇರುವ ಒಂದು ವಿಷಯ. ಹುಡುಗರು ಈ ವರ್ಷದ್ದು ಮುಗಿಯಿತು ಅಂದುಕೊಂಡಿದ್ದಾರೆ. ಚೌತಿಯಿಂದ ಮೂರನೇ ದಿನವೆಂದರೆ ಸಾಮಾನ್ಯವಾಗಿ ಭಾದ್ರಪದ ಶುದ್ಧ ಷಷ್ಠಿ. ಆ ಯಜಮಾನರ ತಿಥಿ ಅದೇ ಆದರೆ, ಮುಂದಿನ ವರ್ಷದ ವರ್ಷಾಬ್ದಿಕವೂ ಆಮೇಲಿನ ಪ್ರತಿ ವರ್ಷದ ಶ್ರಾದ್ಧವೂ ನೀವು ಗಣಪತಿ ಬಿಡುವ ದಿನವೇ ಬರುತ್ತದೆ. ಪಂಚಾಂಗ ನೋಡಿ ಖಚಿತ ಮಾಡಿಕೊಳ್ಳಿ. ಪ್ರತಿ ವರ್ಷ ಒಂದು ಮನೆಯಲ್ಲಿ ಪಿಂಡ ಇಡುವಾಗ ಎದುರಿಗೆ ಸ್ಪೀಕರ್ ಕಟ್ಟುತ್ತಿರುತ್ತಾರೆ. ಇದಕ್ಕೆ ಹಬ್ಬ ನಿಲ್ಲಿಸಬೇಕಿಲ್ಲ. ಶ್ರಾದ್ಧಕ್ಕೆ ಅಪರಾಹ್ಣ ಕಾಲ ಮುಖ್ಯ, ಅಂದರೆ ಮಧ್ಯಾಹ್ನ ಇಳಿಯುವ ಹೊತ್ತು. ಸಂಜೆಯೊಳಗೆ ಅವರ ಕೆಲಸ, ಊಟ ಮುಗಿದಿರುತ್ತದೆ. ಅಂದು ಬೆಳಗಿನಿಂದ ಮೈಕು ಬೇಡ ಎಂದು ಬೀದಿಯವರು ಗೊತ್ತುಮಾಡಿಕೊಂಡು, ದೀಪ ಹಚ್ಚುವ ಹೊತ್ತಿನ ಮೇಲೆ ತಮಟೆಯೊಂದಿಗೆ ಹೊರಟರೆ ಯಾರಿಗೂ ತೊಂದರೆಯಿಲ್ಲ. ಅಥವಾ ಐದನೇ ದಿನಕ್ಕೆ ಬದಲಾಯಿಸಿಕೊಳ್ಳಿ. ಬೆಸ ಸಂಖ್ಯೆಯೇ ಆಗಬೇಕು ಅನ್ನುವವರ ಬಾಯಿಗೂ ಉತ್ತರ ಸಿಕ್ಕಿತು. ಚಂದಾ ಎತ್ತುವ ಮೊದಲೇ ಇದನ್ನು ತೀರ್ಮಾನ ಮಾಡಿ, ಕಡೇ ಗಳಿಗೆಯಲ್ಲಿ ಪೆಂಡಾಲಿನ ಮುಂದೆ ನಿಂತು ವಾದ ಮಾಡಬೇಡಿ.

ಇನ್ನು ಆ ತಾಯಿ. ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಅವರ ಒಂದು ಮಾತು. ಗಂಡನನ್ನು ಕಳೆದುಕೊಂಡವರು ಬೀದಿಯ ಹಬ್ಬಕ್ಕೆ ಕ್ಷಮೆ ಕೇಳುವ ಹಾಗಾಯಿತಲ್ಲ. ದೋಷ ಎಂಬ ಶಬ್ದ ಇಂಥದ್ದು. ಆಡಿದವರು ಮರೆಯುತ್ತಾರೆ, ಕೇಳಿಸಿಕೊಂಡವರಿಗೆ ರಾತ್ರಿಯೆಲ್ಲ ಕಿವಿಯಲ್ಲಿರುತ್ತದೆ. ವೈಕುಂಠ ಸಮಾರಾಧನೆ ಮುಗಿದಿದ್ದರೆ ಒಂದು ಸಂಜೆ ಅವರ ಮನೆಗೆ ಹೋಗಿ. ನೀವೊಬ್ಬರೇ ಹೋಗಬೇಡಿ, ಅಪಚಾರ ಎಂದ ಹಿರಿಯರಲ್ಲಿ ಒಬ್ಬರನ್ನಾದರೂ ಕರೆದುಕೊಂಡು ಹೋಗಿ. ಈ ಪತ್ರಿಕೆಯ ಪುಟ ತೋರಿಸಬೇಕಾದರೆ ತೋರಿಸಿ. ‘ಗಣಪತಿಯನ್ನು ಸದ್ದು ಮಾಡದೆ ಕಳಿಸಿದ್ದು ನಾವೇ ಬೇಕೆಂದು ಮಾಡಿದ್ದು, ಯಜಮಾನರ ಮೇಲಿನ ಗೌರವಕ್ಕೆ’ ಎಂದು ಅವರ ಬಾಯಿಂದಲೇ ಹೇಳಿಸಿ. ಹುಡುಗರಲ್ಲಿ ಹಟ ಹಿಡಿದವರನ್ನು ಬೈಯಬೇಡಿ. ಕೊನೆಗೆ ಮೈಕು ಆರಿಸಿದ್ದೂ ಆ ಹುಡುಗರೇ ಅಲ್ಲವೇ? ವರ್ಷ ತುಂಬುವವರೆಗೆ ಅವರ ಮನೆಯಲ್ಲಿ ಹಬ್ಬ ಇರುವುದಿಲ್ಲ, ಆದರೆ ಹಬ್ಬದ ದಿನ ಅವರ ಮನೆಗೆ ಊಟ ಕಳಿಸಲು ಯಾವ ಅಡ್ಡಿಯೂ ಇಲ್ಲ. ವರ್ಷಾಬ್ದಿಕ ಆದ ಮೇಲಿನ ಗಣಪತಿಗೆ ಅವರನ್ನು ಮುಂದೆ ಕರೆದು ಆರತಿ ತಟ್ಟೆ ಕೊಡಿ. ಗಂಡ ಇಲ್ಲದವರು ಕೊಡಬಹುದೇ ಎಂದು ಯಾರಾದರೂ ಗೊಣಗಿದರೆ ನನಗೆ ಪತ್ರ ಬರೆಯಲು ಹೇಳಿ, ಅವರಿಗೆ ಬೇರೆಯಾಗಿಯೇ ಉತ್ತರ ಕೊಡುತ್ತೇನೆ.

ಮೊಬೈಲಿನ ಮಂತ್ರದ ಬಗ್ಗೆ: ಶ್ರವಣವೂ ನವವಿಧ ಭಕ್ತಿಯಲ್ಲಿ ಒಂದು, ಅದೂ ಮೊದಲನೆಯದು. 1963ರಲ್ಲಿ ಹೊರಬಂದ ಎಂ. ಎಸ್. ಸುಬ್ಬುಲಕ್ಷ್ಮಿಯವರ ವೆಂಕಟೇಶ ಸುಪ್ರಭಾತ ಕೇಳಿ ಎಷ್ಟು ಮನೆಗಳು ಎದ್ದಿವೆ! ಅದು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ. ಪೂಜೆಗೆ ಮುಂಚೆ ಹಾಕಿ, ಮನೆಯ ಗಾಳಿ ತಿಳಿಯಾಗಲಿ. ಆದರೆ ಸಂಕಲ್ಪವನ್ನು, ನಿಮ್ಮ ಗೋತ್ರ ನಕ್ಷತ್ರವನ್ನು ಮೊಬೈಲು ಹೇಳಲಾರದು. ಮಂಗಳಾರತಿ ಹೊತ್ತಿಗೆ ಅದನ್ನು ಆರಿಸಿ, ಬರುವ ಒಂದು ಹಾಡನ್ನು, ಶ್ರುತಿ ತಪ್ಪಿದರೂ ಚಿಂತೆಯಿಲ್ಲ, ನೀವೇ ಹೇಳಿ. ನಡುವೆ ಜಾಹೀರಾತು ಬರುವ ಭಯವೂ ಇರುವುದಿಲ್ಲ. ಎದುರು ಮನೆಯಲ್ಲಿ ದುಃಖ ಇನ್ನೂ ಹಸಿಯಾಗಿರುವಾಗ ಘಂಟೆಯನ್ನು ಬಿಡಬೇಕಿಲ್ಲ. ಕಿಟಕಿ ಹಾಕಿಕೊಂಡು, ದೊಡ್ಡದರ ಬದಲು ಕೈಘಂಟೆಯನ್ನು ಮೆಲ್ಲಗೆ ಬಾರಿಸಿ.